ಮೂರು ಪಾಲಿನ ಮಡಿಕೆ

ಪರದೆ ಹೊಲಿಯುವ ಆ ಹೆಂಗಸಿಗೆ ಲೆಕ್ಕ ಬರುತ್ತಿರಲಿಲ್ಲ. ಹಾಗೆಂದು ಅವಳು ಹೊಲಿದ ಪರದೆಗಳು ಸೊಟ್ಟಗಿರುತ್ತಿದ್ದವು ಎಂದು ಯಾರೂ ತಿಳಿಯಬೇಕಾಗಿಲ್ಲ. ಗಿರಾಕಿಯ ಮನೆಗೆ ಹೋಗಿ, ಕಿಟಕಿಯ ಮುಂದೆ ನಿಂತು, ಎರಡೂ ಕೈ ಚಾಚಿ, ಒಂದು ಕಣ್ಣು ಮುಚ್ಚಿ ನೋಡಿ, "ಆಯ್ತು, ಗೊತ್ತಾಯ್ತು" ಎಂದು ಹೊರಟುಬಿಡುತ್ತಿದ್ದಳು. ನಾಲ್ಕು ದಿನ ಬಿಟ್ಟು ತಂದು ತೂಗುಹಾಕಿದರೆ ಪರದೆಯ ಅಂಚು ನೆಲದಿಂದ ಒಂದೇ ಬೆರಳು ಮೇಲೆ ನಿಂತಿರುತ್ತಿತ್ತು. ನೆರಿಗೆಗಳು ಬಾಚಣಿಗೆಯಲ್ಲಿ ಬಾಚಿದ ಹಾಗೆ ಒಂದೇ ಸಮ. ಬಟ್ಟೆ ಅಂಗಡಿಯವನು "ಎಷ್ಟು ಮೀಟರ್ ಹರೀಲಿ?" ಎಂದು ಕೇಳಿದಾಗ ಮಾತ್ರ ಅವಳ ಮುಖ ಚಿಕ್ಕದಾಗುತ್ತಿತ್ತು. ಥಾನು ಬಿಚ್ಚಿಸಿ, "ಇನ್ನೂ ಸ್ವಲ್ಪ, ಇನ್ನೊಂಚೂರು, ಹಾಂ, ಅಲ್ಲಿಗೆ ಸಾಕು" ಎನ್ನುತ್ತಿದ್ದಳು. ಅಂಗಡಿಯವನು ಅಳೆದು ನೋಡಿದರೆ ಒಂದು ಗೇಣೂ ಹೆಚ್ಚಿರುತ್ತಿರಲಿಲ್ಲ.

ಶಾಲೆಯಲ್ಲಿ ಗಣಿತ ಅವಳಿಗೆ ಕಬ್ಬಿಣದ ಕಡಲೆಯಾಗಿತ್ತು. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಒಂದು ನಲ್ಲಿ ತೊಟ್ಟಿಯನ್ನು ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ ಬಂದಿತ್ತಂತೆ. ಆ ಎರಡನೇ ನಲ್ಲಿಯನ್ನು ಮನೆಯವರು ಯಾರಾದರೂ ಯಾಕೆ ನಿಲ್ಲಿಸಬಾರದು ಎಂದು ಯೋಚಿಸುತ್ತಲೇ ಅವಳು ಮೂರು ಗಂಟೆ ಕಳೆದಳು. ನೂರಕ್ಕೆ ಹನ್ನೊಂದು ಬಂತು. ಮನೆಯವರು ಬೈಯಲೂ ಇಲ್ಲ, ಇನ್ನೊಂದು ಸಲ ಬರೆ ಎನ್ನಲೂ ಇಲ್ಲ. ಬೀದಿಯ ತುದಿಯಲ್ಲಿದ್ದ ಹಿರಿಯ ಟೈಲರಮ್ಮನ ಹತ್ತಿರ ಕೆಲಸಕ್ಕೆ ಸೇರಿಸಿದರು. ಅಲ್ಲಿ ಎಲ್ಲವೂ ಕಣ್ಣಳತೆ, ಕೈಯಳತೆ. ಅವಳಿಗೆ ಜೀವ ಬಂದಂತಾಯಿತು.

ಈಗ ಅವಳಿಗೆ ಮೂವತ್ತನಾಲ್ಕು. ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ. ನಡುವೆ ಬಟ್ಟೆ ಕತ್ತರಿಸುವ ಮೇಜು. ಮೇಜು ಎಂದರೆ ಹಳೆಯ ಬಾಗಿಲೊಂದನ್ನು ಎರಡು ಎತ್ತರದ ಸ್ಟೂಲುಗಳ ಮೇಲೆ ಮಲಗಿಸಿದ್ದು, ಅಷ್ಟೆ. ಅದರ ಚಿಲಕ ಇನ್ನೂ ಹಾಗೇ ಇತ್ತು. ಗಂಡ ಊರೊಳಗೆ ಓಡುವ ಬಸ್ಸಿನ ಚಾಲಕ. ಅತ್ತೆ ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸಿ ನಿವೃತ್ತಿಯಾದವರು. ಆ ಅಭ್ಯಾಸ ಬಿಟ್ಟುಹೋಗಿರಲಿಲ್ಲ. ಟೀ ಕುಡಿಯುವಾಗ ಯಾರಾದರೂ ಮಾತಾಡಿಸಿದರೆ ಒಂದು ಬೆರಳೆತ್ತಿ, "ಲೈನು ಖಾಲಿಯಿಲ್ಲ, ಆಮೇಲೆ ಪ್ರಯತ್ನಿಸಿ" ಎನ್ನುತ್ತಿದ್ದರು.

ಮೇಜಿನ ಕೆಳಗಿನ ಜಾಗ ಮಗಳದು. ಅವಳಿಗೆ ಮನೆಯಲ್ಲಿ ಯಾಕಮ್ಮ ಎಂದೇ ಹೆಸರು. ಮಾತು ಕಲಿತ ದಿನದಿಂದ ಅವಳ ಬಾಯಲ್ಲಿ ಇದ್ದದ್ದು ಒಂದೇ ಪದ, ಯಾಕೆ. ಅಜ್ಜಿ "ಯಾಕಮ್ಮಾ?" ಎಂದು ಅದೇ ಧಾಟಿಯಲ್ಲಿ ಕರೆದು ಕರೆದು ಅದೇ ಹೆಸರು ನಿಂತುಬಿಟ್ಟಿತು. ಗುಂಡಿಗೆ ನಾಲ್ಕು ತೂತು ಯಾಕೆ, ಕನ್ನಡಿ ಎಡಬಲ ತಿರುಗಿಸುತ್ತದಲ್ಲ, ಮೇಲೆ ಕೆಳಗೆ ಯಾಕೆ ತಿರುಗಿಸುವುದಿಲ್ಲ, ಅಪ್ಪನ ಬಸ್ಸಿನ ಚಕ್ರ ದೊಡ್ಡದಾಗಿದ್ದೂ ಸೈಕಲ್ಲಿನ ಗಾಲಿಗಿಂತ ನಿಧಾನ ತಿರುಗುವುದು ಯಾಕೆ. ಪ್ರಶ್ನೆ ಇಲ್ಲದ ಹೊತ್ತಿನಲ್ಲಿ ಅವಳ ಕೈಯಲ್ಲಿ ಕಾಗದ ಇರುತ್ತಿತ್ತು. ಸಿಕ್ಕಿದ್ದನ್ನೆಲ್ಲ ಮಡಿಸುತ್ತಿದ್ದಳು. ಒಮ್ಮೆ ಅಪ್ಪ ಬರೆದಿಟ್ಟಿದ್ದ ರಜೆಯ ಅರ್ಜಿಯೂ ಕಪ್ಪೆಯಾಯಿತು. ಬಿಡಿಸಿದರೆ ಹರಿಯುತ್ತದೆಂದು ಅವನು ಅದನ್ನು ಹಾಗೇ ಡಿಪೋಗೆ ಒಯ್ದು ಮ್ಯಾನೇಜರ ಮೇಜಿನ ಮೇಲಿಟ್ಟನಂತೆ. ಮ್ಯಾನೇಜರು ಅದರ ಬೆನ್ನು ಒತ್ತಿದರು, ಅದು ಹಾರಿ ಅವರ ಟೀ ಲೋಟದ ಪಕ್ಕ ಕೂತಿತು. ರಜೆ ಎರಡು ದಿನ ಕೇಳಿದ್ದು ಮೂರು ದಿನ ಸಿಕ್ಕಿತು.

ಇಂಥ ಮಗಳು ಶಾಲೆಗೆ ಸೇರಿದ ಮೇಲೆ ಒಂದು ವರ್ಷ ಅಲ್ಲಿ ತುಟಿ ಬಿಚ್ಚಲಿಲ್ಲ. ಮನೆಯವರಿಗೆ ಇದು ಗೊತ್ತೇ ಇರಲಿಲ್ಲ. ವರ್ಷದ ಕೊನೆಗೆ ಟೀಚರು ತಾಯಿಯನ್ನು ಕರೆಸಿ, ಬಹಳ ಸಂಕೋಚದಿಂದ, ಮಗುವಿಗೆ ಮಾತು ಬರುತ್ತದೆಯೇ, ವೈದ್ಯರಿಗೆ ತೋರಿಸಿದ್ದೀರಾ ಎಂದು ಕೇಳಿದರು. ತಾಯಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದಾರಿಯಲ್ಲಿ ಬರುತ್ತಾ ಮಗಳನ್ನು ಕೇಳಿದಳು. ಯಾಕಮ್ಮ ಬಹಳ ಸಹಜವಾಗಿ ಹೇಳಿದಳು: "ಅಲ್ಲಿ ಪ್ರಶ್ನೆ ಕೇಳೋದು ಟೀಚರ್ ಕೆಲಸ ಅಮ್ಮ. ನಾನು ಒಂದು ಸಲ ಕೇಳಿದೆ. ಆಮೇಲೆ ಎಲ್ಲರೂ ನನ್ನೇ ನೋಡಿದರು."

ಟೀಚರು ಕೆಟ್ಟವರೇನಲ್ಲ. ಎಪ್ಪತ್ತು ಮಕ್ಕಳ ನಡುವೆ ಒಬ್ಬಳ ಯಾಕೆಗೆ ಉತ್ತರ ಕೊಡುತ್ತಾ ಕೂತರೆ ಉಳಿದ ಅರವತ್ತೊಂಬತ್ತರ ಗತಿಯೇನು? ಆದರೂ ಮಾತಿನ ಮಲ್ಲಿಯಂಥ ಹುಡುಗಿ ದಿನಕ್ಕೆ ಆರು ಗಂಟೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾಳೆಂಬುದನ್ನು ತಾಯಿಗೆ ಒಪ್ಪಿಕೊಳ್ಳಲಾಗಲಿಲ್ಲ. ಗಂಡ ಹೆಂಡತಿ ಅತ್ತೆ ಮೂವರೂ ಕೂತು ಮಾತಾಡಿ, ಒಂದು ವರ್ಷ ಮನೆಯಲ್ಲೇ ಕಲಿಸಿ ನೋಡೋಣ ಎಂದು ತೀರ್ಮಾನಿಸಿದರು. ಶಿಕ್ಷಣ ಕಚೇರಿಯಲ್ಲಿ ಅದಕ್ಕೊಂದು ಅರ್ಜಿಯೂ ಇತ್ತು. ನಾಲ್ಕು ತಿಂಗಳಿಗೊಮ್ಮೆ ಅಧಿಕಾರಿ ಮನೆಗೆ ಬಂದು ನೋಡುತ್ತಾರೆ, ಮಗು ವರ್ಷಕ್ಕೊಂದು ಪರೀಕ್ಷೆ ಬರೆಯಬೇಕು, ಮತ್ತು ಕಲಿಸುವವರು ಕಡಿಮೆಯೆಂದರೆ ಹತ್ತನೇ ತರಗತಿ ಪಾಸಾಗಿರಬೇಕು.

ಕೊನೆಯ ಸಾಲಿಗೆ ಬಂದಾಗ ತಾಯಿ ಪೆನ್ನು ಕೆಳಗಿಟ್ಟಳು. ಗಂಡ ಬೆಳಗಿನ ಐದಕ್ಕೆ ಹೋದರೆ ಸಂಜೆ ಬರುವವನು, ಅವನ ಹೆಸರು ಬರೆದರೆ ಯಾರೂ ನಂಬುವುದಿಲ್ಲ. ಅತ್ತೆಯೇ ಪೆನ್ನು ಎತ್ತಿಕೊಂಡು ತಮ್ಮ ಹೆಸರು ಬರೆದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬೇರೆ ಹೇಳಿದರು. ಹೀಗೆ ಕಾಗದದ ಮೇಲೆ ಅಜ್ಜಿ ಮೇಷ್ಟ್ರು, ಮನೆಯೊಳಗೆ ಅಮ್ಮ.

ಪಾಠಕ್ಕೆ ಗಂಟೆ ಇರಲಿಲ್ಲ. ಬೆಳಿಗ್ಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಶುರುವಾಗುತ್ತಿತ್ತು, ಸಂಜೆ ದಾರದ ಚೂರುಗಳನ್ನು ಗುಡಿಸುವಾಗ ಮುಗಿಯುತ್ತಿತ್ತು. ಓದುವುದನ್ನು ಯಾಕಮ್ಮ ಕಲಿತದ್ದು ಗಿರಾಕಿಗಳ ಚೀಟಿಗಳಿಂದ. "ಅಡುಗೆ ಮನೆ, ನೀಲಿ, ಉಂಗುರ ಹಾಕುವುದು" ಎಂದು ಚೀಟಿಯಲ್ಲಿದ್ದರೆ ಅದನ್ನು ಗಟ್ಟಿಯಾಗಿ ಓದಿ ಆ ಬಟ್ಟೆಗೆ ಗುಂಡುಸೂಜಿಯಿಂದ ಚುಚ್ಚುವುದು ಅವಳ ಕೆಲಸ. ಊರಿನ ನಕ್ಷೆ ಕಲಿತದ್ದು ಅಪ್ಪನ ಬಸ್ಸಿನ ಹಾದಿಯಿಂದ. ಅಪ್ಪ ಟಿಕೆಟ್ಟಿನ ಸುರುಳಿಗಳ ಮುಗಿಯುತ್ತಾ ಬಂದ ತುದಿಗಳನ್ನು ಜೇಬಿನಲ್ಲಿಟ್ಟುಕೊಂಡು ತರುತ್ತಿದ್ದ. ಉದ್ದುದ್ದ ಬಿಳಿ ಪಟ್ಟಿಗಳು. ಅವುಗಳಲ್ಲಿ ನಕ್ಷತ್ರ, ಬಳೆ, ಬಸವನಹುಳು, ಪೆಟ್ಟಿಗೆ. ಬಟ್ಟೆಯ ಆಕಾರ ಕತ್ತರಿಸಲು ತಂದ ಕಂದು ಕಾಗದ ಉಳಿದರೆ ಅದರಲ್ಲಿ ತಲೆಗೆ ಹಾಕಿಕೊಳ್ಳುವಷ್ಟು ದೊಡ್ಡ ಹಡಗು.

ಲೆಕ್ಕದ ಪುಸ್ತಕ ಬಂದಾಗ ಮಾತ್ರ ತಾಯಿ ಮಗಳಿಗಿಂತ ಒಂದೇ ಒಂದು ಪುಟ ಮುಂದಿರುತ್ತಿದ್ದಳು. ಅದನ್ನೂ ಅಡುಗೆಮನೆಯಲ್ಲಿ ನಿಂತು ಕದ್ದು ಓದುತ್ತಿದ್ದಳು. ಅರ್ಧ, ಕಾಲು, ಅರೆಕಾಲು ಎಂಬುದನ್ನು ಬಟ್ಟೆ ಮಡಿಸಿ ತೋರಿಸುವುದು ನೀರು ಕುಡಿದಷ್ಟು ಸುಲಭ. ಅದನ್ನೇ ಒಂದರ ಕೆಳಗೆ ಗೆರೆ ಎಳೆದು ನಾಲ್ಕು ಎಂದು ಬರೆದ ಕೂಡಲೇ ಅವಳು ಪುಸ್ತಕ ಮುಚ್ಚಿ ಒಲೆಯ ಕಡೆ ತಿರುಗುತ್ತಿದ್ದಳು.

ಅಧಿಕಾರಿಣಿ ಮೊದಲ ಸಲ ಬಂದಾಗ ಎಲ್ಲ ಸುಸೂತ್ರವಾಯಿತು. ಮಂಡಿನೋವಿನ ಹೆಂಗಸು, ಮೆಟ್ಟಿಲು ಹತ್ತಿ ಬಂದವರು ಮೊದಲ ಐದು ನಿಮಿಷ ಏನೂ ಕೇಳಲಿಲ್ಲ, ಉಸಿರಾಡಿದರು. ಎರಡನೇ ಸಲ ಬಂದಾಗ ಹಸಿರು ಫೈಲು ಬಿಚ್ಚಿ, ಭಿನ್ನರಾಶಿಯನ್ನು ಹೇಗೆ ಹೇಳಿಕೊಡುತ್ತಿದ್ದೀರಿ ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ಪುಸ್ತಕದಲ್ಲಿರುವಂತೆಯೇ ಎಂದರು.

ಮೇಜಿನ ಕೆಳಗಿಂದ ಒಂದು ತಲೆ ಹೊರಬಂತು.

"ಅಜ್ಜಿ, ನೀನು ಹೇಳಿಕೊಡಲ್ಲವಲ್ಲ. ನೀನು ಆ ಹೊತ್ತಲ್ಲಿ ಮಲಗಿರ್ತೀಯ. ಹೇಳಿಕೊಡೋದು ಅಮ್ಮ. ಮತ್ತೆ ಯಾಕೆ ನೀನು ಅಂತ ಹೇಳ್ತಿದ್ದೀಯ?"

ಮೂವತ್ತು ವರ್ಷ ಎಲ್ಲರ ಮಾತು ಜೋಡಿಸಿದ ಅಜ್ಜಿಗೆ ತಮ್ಮ ಮಾತು ಜೋಡಿಸಲು ಆಗಲಿಲ್ಲ. ಸೆರಗಿನಿಂದ ಕನ್ನಡಕ ಒರೆಸತೊಡಗಿದರು. ಅಧಿಕಾರಿಣಿ ತಾಯಿಯ ಕಡೆ ತಿರುಗಿ, ಎಷ್ಟು ಓದಿದ್ದೀರಿ ಎಂದು ಕೇಳಿದರು. ಹತ್ತು ಎಂದಳು ಅವಳು. ಆಮೇಲೆ, ಹತ್ತರಲ್ಲಿ ಲೆಕ್ಕ ಒಂದು ಹೋಗಿದೆ ಎಂದಳು.

ಅಧಿಕಾರಿಣಿ ಮಗುವನ್ನು ಹತ್ತಿರ ಕರೆದರು. ಮುಕ್ಕಾಲರಲ್ಲಿ ಅರ್ಧ ಎಂದರೆ ಎಷ್ಟು ಎಂದು ಕೇಳಿದರು. ಯಾಕಮ್ಮ ಟಿಕೆಟ್ ಪಟ್ಟಿಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಬಿಡಿಸಿದಳು, ಒಂದು ಕಾಲನ್ನು ಹಿಂದಕ್ಕೆ ಮಡಚಿ ಅಡಗಿಸಿದಳು, ಉಳಿದದ್ದನ್ನು ನಡುವೆ ಮಡಿಸಿ ಬೆರಳಿಂದ ಎಣಿಸಿದಳು. "ಎಂಟರಲ್ಲಿ ಮೂರು" ಎಂದಳು. ಅಧಿಕಾರಿಣಿ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡು ತಾವೂ ಒಮ್ಮೆ ಮಡಿಸಿ ನೋಡಿದರು. ಆಮೇಲೆ ತಾಯಿಗೆ ಹೇಳಿದರು:

"ಮಗು ಕಲಿತಿದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ನಿಯಮ ನಿಯಮವೇ. ಏಳು ತಿಂಗಳಿಗೆ ಪರೀಕ್ಷೆ ಇದೆ. ಒಂದು ವಿಷಯ ತಾನೇ, ಕಟ್ಟಿ ಬರೆದುಬಿಡಿ. ಅಲ್ಲಿಯವರೆಗೆ ಈ ಅರ್ಜಿ ಹಾಳೆ ನನ್ನ ಫೈಲಲ್ಲೇ ಇರುತ್ತೆ, ಮುಂದಕ್ಕೆ ಹೋಗಲ್ಲ."

ಅವರು ಮೆಟ್ಟಿಲಿಳಿದು ಹೋದ ಮೇಲೆ ಅತ್ತೆ ಮೊಮ್ಮಗಳನ್ನು ನೋಡಿ, ನಿನ್ನಂಥವಳು ನಮ್ಮ ಟೆಲಿಫೋನ್ ಕಚೇರಿಯಲ್ಲಿದ್ದಿದ್ದರೆ ಊರಲ್ಲಿ ಒಂದು ಸಂಸಾರವೂ ಉಳಿಯುತ್ತಿರಲಿಲ್ಲ ಎಂದರು. ಯಾಕೆ ಎಂದಳು ಅವಳು. ತಾಯಿ ಮಾತ್ರ ನಗಲಿಲ್ಲ. ಸಂಜೆ ಗಂಡ ಬಂದ ಕೂಡಲೇ, ಇವಳನ್ನು ಮತ್ತೆ ಶಾಲೆಗೆ ಹಾಕಿಬಿಡೋಣ, ನನ್ನಿಂದ ಆಗುವ ಮಾತಲ್ಲ ಎಂದಳು. ಅವನು ಷೂ ಬಿಚ್ಚುತ್ತಾ ಎಲ್ಲ ಕೇಳಿಸಿಕೊಂಡ. ಅವನು ಹೆಚ್ಚು ಮಾತಿನವನಲ್ಲ. ಆಡಿದ್ದೂ ಬಸ್ಸಿನ ಮಾತೇ.

"ನನಗೆ ಲೈಸೆನ್ಸ್ ಬಂದದ್ದು ಮೂರನೇ ಸಲಕ್ಕೆ. ಈಗ ದಿನಾ ನೂರಾರು ಜನ ನನ್ನ ಬೆನ್ನ ಹಿಂದೆ ಕೂತು ನಿದ್ದೆ ಮಾಡ್ತಾರೆ. ಎಷ್ಟನೇ ಸಲಕ್ಕೆ ಪಾಸಾದೆ ಅಂತ ಇವತ್ತಿಗೂ ಒಬ್ಬರೂ ಕೇಳಿಲ್ಲ ಕಣೇ."

ಅಲ್ಲಿಂದ ಮನೆಯಲ್ಲಿ ಇಬ್ಬರು ವಿದ್ಯಾರ್ಥಿಗಳಾದರು. ಮೇಷ್ಟ್ರು ಯಾರೆಂಬುದು ದಿನಕ್ಕೊಂದು ಬಗೆ. ಅತ್ತೆ ಮಧ್ಯಾಹ್ನದ ನಿದ್ದೆಯನ್ನು ಬಿಟ್ಟುಕೊಟ್ಟು ಮಗ್ಗಿ ಕೇಳತೊಡಗಿದರು. ಮಾಡಿದ ತಪ್ಪಿಗೆ ಅದು ಪ್ರಾಯಶ್ಚಿತ್ತ ಎಂದರು. ಸೊಸೆ ಹದಿನೇಳರ ಮಗ್ಗಿಯಲ್ಲಿ ಎಡವಿದರೆ, "ತಪ್ಪು ಸಂಖ್ಯೆ, ದಯವಿಟ್ಟು ಪರಿಶೀಲಿಸಿ" ಎನ್ನುವರು. ಯಾಕಮ್ಮ ಇನ್ನೂ ಕಟ್ಟುನಿಟ್ಟು. ಅಮ್ಮ ಉತ್ತರ ಹೇಳಿದರೆ ಸಾಲದು, ಯಾಕೆ ಅಂತಲೂ ಹೇಳಬೇಕು. ತಾಯಿಗೆ ಮೊದಮೊದಲು ಇದರಿಂದ ಅಳುವೇ ಬರುತ್ತಿತ್ತು. ಹತ್ತನೇ ತರಗತಿಯ ಪುಸ್ತಕ ತೆರೆದರೆ ಅಕ್ಷರಗಳು ಸಂಖ್ಯೆಗಳ ಜೊತೆ ಸೇರಿಕೊಂಡು ಏನೋ ಸಂಚು ಮಾಡುತ್ತಿರುವಂತೆ ಕಾಣುತ್ತಿತ್ತು. ಎರಡು ತಿಂಗಳಾದರೂ ಒಂದಿಂಚು ಮುಂದೆ ಹೋಗಲಿಲ್ಲ.

ಒಂದು ದಿನ ಬೆಳಿಗ್ಗೆ ಅವಳು ಯಾವುದೋ ಆಸ್ಪತ್ರೆಯ ವಾರ್ಡಿಗೆ ಹನ್ನೆರಡು ಪರದೆ ಹೊಲಿಯುತ್ತಾ ಕೂತಿದ್ದಳು. ಮೇಜಿನ ಕೆಳಗೆ ಯಾಕಮ್ಮ ಸಿಡಿಮಿಡಿಗೊಂಡಿದ್ದಳು. ಅವಳಿಗೊಂದು ಮುಚ್ಚಳದ ಪೆಟ್ಟಿಗೆ ಮಾಡಬೇಕಿತ್ತು, ಅದಕ್ಕೆ ಕಾಗದವನ್ನು ಸರಿಯಾಗಿ ಮೂರು ಪಾಲು ಮಡಿಸಬೇಕು. ಎರಡು ಪಾಲಾದರೆ ಅಂಚಿಗೆ ಅಂಚು ಕೂಡಿಸಿದರೆ ಮುಗಿಯಿತು. ನಾಲ್ಕಾದರೆ ಅದನ್ನೇ ಇನ್ನೊಮ್ಮೆ. ಮೂರು ಮಾತ್ರ ಎಷ್ಟು ಸಲ ಮಾಡಿದರೂ ಒಂದು ಪಾಲು ದಪ್ಪ, ಒಂದು ಪಾಲು ಸಣ್ಣ. ಒಂಬತ್ತು ಪಟ್ಟಿ ಹಾಳಾಗಿ ಸುತ್ತಲೂ ಬಿದ್ದಿದ್ದವು.

ತಾಯಿ ಯಂತ್ರ ನಿಲ್ಲಿಸದೆಯೇ ಹೇಳಿದಳು: "ಅಂದಾಜಿಗೆ ಒಂದು ಗುರುತು ಹಾಕು. ಉಳಿದದ್ದನ್ನ ಸರಿಯಾಗಿ ಅರ್ಧ ಮಡಿಸು, ಅಲ್ಲೊಂದು ಗುರುತು ಬರುತ್ತೆ. ಈಗ ಈ ಕಡೆ ತುದಿನ ಆ ಹೊಸ ಗುರುತಿಗೆ ತಂದು ಅರ್ಧ ಮಡಿಸು. ಮತ್ತೆ ಆ ಕಡೆ ತುದಿಯಿಂದ. ನಾಲ್ಕು ಸಲ ಹಿಂದೆ ಮುಂದೆ ಮಾಡಿದರೆ ತಾನಾಗೇ ಸರಿಹೋಗುತ್ತೆ."

"ಮೊದಲನೇ ಗುರುತು ತಪ್ಪಾಗಿದ್ರೆ?"

"ತಪ್ಪಾಗೇ ಇರುತ್ತೆ. ಆದರೂ ಸರಿಹೋಗುತ್ತೆ."

"ಯಾಕೆ?"

ಹದಿನೆಂಟು ವರ್ಷದಿಂದ ಪರದೆಯ ತಲೆಗಟ್ಟನ್ನು, ಅಂದರೆ ಮೇಲಂಚಿನ ಪಟ್ಟಿಯನ್ನು, ತಾಯಿ ಹೀಗೇ ಮೂರು ಪಾಲು ಮಾಡುತ್ತಿದ್ದಳು. ಹಿರಿಯ ಟೈಲರಮ್ಮ ತೋರಿಸಿದ್ದರು, ಕೈ ಕಲಿತಿತ್ತು. ಯಾಕೆ ಎಂದು ಅವಳೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಗೊತ್ತಿಲ್ಲ ಎಂದುಬಿಟ್ಟಳು.

ಗೊತ್ತಿಲ್ಲ ಎಂದರೆ ಬಿಡುವ ಪೈಕಿಯಲ್ಲ ಮಗಳು. ಅಮ್ಮನ ಅಳತೆಪಟ್ಟಿ ತೆಗೆದುಕೊಂಡು ಟಿಕೆಟ್ ಸುರುಳಿಯಿಂದ ಸರಿಯಾಗಿ ತೊಂಬತ್ತು ಸೆಂಟಿಮೀಟರ್ ಕತ್ತರಿಸಿದಳು. ಮೂರು ಪಾಲೆಂದರೆ ಮೂವತ್ತು ಮೂವತ್ತು ಬರಬೇಕು. ಬೇಕೆಂದೇ ಕೆಟ್ಟದಾಗಿ ಮೊದಲ ಗುರುತನ್ನು ಮೂವತ್ತೆಂಟಕ್ಕೆ ಹಾಕಿದಳು. ಉಳಿದದ್ದು ಐವತ್ತೆರಡು, ಮಡಿಸಿದರೆ ಇಪ್ಪತ್ತಾರು. ಈಗ ಈ ತುದಿಯಿಂದ ಹೊಸ ಗುರುತಿನವರೆಗೆ ಅರವತ್ತನಾಲ್ಕು, ಮಡಿಸಿದರೆ ಮೂವತ್ತೆರಡು. ಮತ್ತೆ ಆ ಕಡೆಯದು ಐವತ್ತೆಂಟು, ಮಡಿಸಿದರೆ ಇಪ್ಪತ್ತೊಂಬತ್ತು. ಮತ್ತೆ ಈ ಕಡೆಯದು ಮೂವತ್ತೂವರೆ. ಒಂದೊಂದನ್ನೂ ಅಳೆದು, ರೈಲು ಬರುವ ಹೊತ್ತು ಕೂಗುವವರಂತೆ ಕೂಗಿದಳು: ಮೂವತ್ತೆಂಟು, ಇಪ್ಪತ್ತಾರು, ಮೂವತ್ತೆರಡು, ಇಪ್ಪತ್ತೊಂಬತ್ತು, ಮೂವತ್ತೂವರೆ.

ಯಂತ್ರದ ಸದ್ದು ನಿಧಾನವಾಯಿತು, ನಿಂತಿತು. ತಾಯಿ ಎದ್ದು ಬಂದು ಮೇಜಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬರೆದಳು. ಮೂವತ್ತೆಂಟು ಎಂದರೆ ಎಂಟು ಹೆಚ್ಚು. ಇಪ್ಪತ್ತಾರು ಎಂದರೆ ನಾಲ್ಕು ಕಡಿಮೆ. ಆಮೇಲೆ ಎರಡು ಹೆಚ್ಚು. ಆಮೇಲೆ ಒಂದು ಕಡಿಮೆ. ಆಮೇಲೆ ಅರ್ಧ ಹೆಚ್ಚು.

"ತಪ್ಪು ಪ್ರತಿ ಸಲಕ್ಕೂ ಅರ್ಧ ಆಗ್ತಾ ಇದೆ" ಎಂದಳು, ತನಗೆ ತಾನೇ ಎಂಬಂತೆ. "ಮಡಿಸಿದಾಗ ಬಟ್ಟೆ ಅರ್ಧ ಆಗುತ್ತಲ್ಲ, ಅದರೊಳಗಿರೋ ತಪ್ಪೂ ಅರ್ಧ ಆಗುತ್ತೆ. ಬೇರೆ ಏನಿಲ್ಲ."

ಯಾಕಮ್ಮ ಮೇಜಿನ ಕೆಳಗಿಂದ ಹೊರಬಂದು ಸುಣ್ಣದ ಸಂಖ್ಯೆಗಳನ್ನು ನೋಡಿದಳು. ಅವಳಿಗಿನ್ನೂ ಹೊಳೆದಿರಲಿಲ್ಲ, ಅಮ್ಮನಿಗೇ ಮೊದಲು ಹೊಳೆದಿತ್ತು. ಅವಳು ಆ ದಿನ ಇನ್ನೊಂದು ಯಾಕೆ ಕೇಳಲಿಲ್ಲ. ಅಪ್ಪ ಬಂದ ಕೂಡಲೇ ಬಾಗಿಲಲ್ಲೇ ತಡೆದು, ಅಮ್ಮ ಕಂಡುಹಿಡಿದಳು ಎಂದು ಕೈಹಿಡಿದು ಮೇಜಿನ ಹತ್ತಿರ ಎಳೆದೊಯ್ದಳು. ಆಸ್ಪತ್ರೆಯ ಪರದೆಗಳು ಒಂದು ದಿನ ತಡವಾದವು.

ಆಮೇಲೆ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು ಎಂದರೆ ಸುಳ್ಳಾಗುತ್ತದೆ. ಪುಸ್ತಕ ದಪ್ಪಗೇ ಇತ್ತು. ಆದರೆ ತಾಯಿಗೆ ಒಂದು ವಿಷಯ ಹಿಡಿತಕ್ಕೆ ಸಿಕ್ಕಿತ್ತು. ಅಷ್ಟು ವರ್ಷ ತಪ್ಪಾಗುತ್ತದೆಂದು ಅವಳು ಮೊದಲ ಗುರುತನ್ನೇ ಹಾಕದೆ ಕೂತಿದ್ದಳು. ಈಗ ಹಾಕತೊಡಗಿದಳು. ತಪ್ಪಾದರೆ ಎಷ್ಟು ತಪ್ಪು, ಯಾವ ಕಡೆಗೆ ತಪ್ಪು ಎಂದು ನೋಡುವಳು, ಬಟ್ಟೆಯಂತೆ ಒಂದು ಹೊಲಿಗೆ ಬಿಚ್ಚಿ ಮತ್ತೆ ಹಾಕುವಳು. ರೇಖಾಗಣಿತವನ್ನಂತೂ ತಾಯಿ ಮಗಳು ಸೇರಿ ಕಂದು ಕಾಗದದಲ್ಲೇ ಮಡಿಸಿ ಮುಗಿಸಿದರು.

ಶನಿವಾರಗಳಂದು ಇಬ್ಬರೂ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗುತ್ತಿದ್ದರು. ತಾಯಿ ಕಂಬದ ಮರೆಯಲ್ಲಿ ಕೂತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಳು, ಮಗಳು ಮಕ್ಕಳ ಮೂಲೆಯಲ್ಲಿ ಪಟ್ಟಿ ಮಡಿಸುತ್ತಾ ಕೂರುವಳು, ಯಾರ ಜೊತೆಗೂ ಮಾತಿಲ್ಲ. ಮೂರನೇ ಶನಿವಾರ ಒಂದು ಪುಟ್ಟ ಹುಡುಗಿ ಬಂದು ಅವಳ ಕಪ್ಪೆಯನ್ನು ಮುಟ್ಟಿ, ಇದು ಹೇಗೆ ಹಾರುತ್ತದೆ ಎಂದು ಕೇಳಿದಳಂತೆ. ತನ್ನನ್ನು ಒಬ್ಬರು ಪ್ರಶ್ನೆ ಕೇಳಿದ್ದು ಯಾಕಮ್ಮನಿಗೆ ಹೊಸತು. ತಿಂಗಳು ಕಳೆಯುವುದರೊಳಗೆ ಆ ಮೂಲೆಯಲ್ಲಿ ಎಂಟು ಹತ್ತು ಮಕ್ಕಳು. ಒಂದು ದಿನ ಗ್ರಂಥಾಲಯದವರು ತಾಯಿಯ ಹತ್ತಿರ ಬಂದು, ನಿಮ್ಮ ಮಗಳದು ಬಾಯಿ ಸ್ವಲ್ಪ ಜಾಸ್ತಿಯಾಯಿತು, ಓದುವವರಿಗೆ ತೊಂದರೆ ಎಂದು ದೂರಿದರು. ತಾಯಿ ಮುಖ ಗಂಭೀರ ಮಾಡಿಕೊಂಡು ಕ್ಷಮೆ ಕೇಳಿದಳು. ಅವರು ಆ ಕಡೆ ಹೋದ ಮೇಲೆ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮನೆಗೆ ಬಂದು ಅತ್ತೆಗೆ ಹೇಳುವಾಗ ಕಣ್ಣಲ್ಲಿ ನೀರೂ ಇತ್ತು.

ಪರೀಕ್ಷೆಯ ದಿನ ಬಂತು. ಗಂಡ ಆ ಬೆಳಿಗ್ಗೆ ತನ್ನ ಪಾಳಿಯನ್ನು ಬದಲಾಯಿಸಿಕೊಂಡು, ಪರೀಕ್ಷೆ ನಡೆಯುವ ಶಾಲೆಯ ಮುಂದೆ ಹಾದುಹೋಗುವ ಬಸ್ಸನ್ನೇ ಕೇಳಿ ತೆಗೆದುಕೊಂಡಿದ್ದ. ಹೆಂಡತಿಯನ್ನು ಅಲ್ಲಿ ಇಳಿಸಿದ. ಅವಳು ರಸ್ತೆ ದಾಟುವ ತನಕ ಬಸ್ಸು ಹೊರಡಲಿಲ್ಲ.

ಅವಳು ಕೋಣೆಯೊಳಗೆ ಕಾಲಿಟ್ಟ ಕೂಡಲೇ ಹದಿನಾರರ ಹರೆಯದ ಹುಡುಗ ಹುಡುಗಿಯರೆಲ್ಲ ದಡಬಡನೆ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದರು. ಮೇಲ್ವಿಚಾರಕಿ ಎಂದುಕೊಂಡಿದ್ದರು. ಅವಳು ಗಡಿಬಿಡಿಯಲ್ಲಿ ಕೂತುಕೊಳ್ಳಿ ಎಂದಳು, ಅವರು ಕೂತರು, ಅವಳೂ ಹೋಗಿ ಮೂರನೇ ಸಾಲಿನ ಬೆಂಚಿನಲ್ಲಿ ಕೂತಾಗ ಪಕ್ಕದ ಹುಡುಗಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಿಂದ ಅವಳಿಗೂ ಎದೆ ಹಗುರಾಯಿತು.

ಪ್ರಶ್ನೆಪತ್ರಿಕೆಯ ಮೊದಲ ಪುಟ ಪರವಾಗಿಲ್ಲ ಎನ್ನಿಸಿತು. ಎರಡನೆಯದರಲ್ಲಿ ತ್ರಿಕೋನದ ಮೂರು ಕೋನ ಸೇರಿದರೆ ನೂರ ಎಂಬತ್ತು ಡಿಗ್ರಿ ಎಂಬುದನ್ನು ಸಾಧಿಸಿ ಎಂದಿತ್ತು. ಗೊತ್ತಿದ್ದ ಸಾಧನೆಯೇ, ಆದರೆ ತಲೆಯಿಂದ ಹಾರಿಹೋಗಿತ್ತು. ಅವಳು ಕಚ್ಚಾ ಲೆಕ್ಕದ ಹಾಳೆಯಿಂದ ಒಂದು ತ್ರಿಕೋನ ಹರಿದು, ತುದಿಯನ್ನು ಬುಡಕ್ಕೆ ಮುಟ್ಟುವಂತೆ ಮಡಿಸಿ, ಎಡದ ಮೂಲೆ ಬಲದ ಮೂಲೆ ಎರಡನ್ನೂ ಅಲ್ಲಿಗೇ ತಂದಳು. ಮೂರೂ ಮೂಲೆ ಒಂದೇ ಗೆರೆಯ ಮೇಲೆ ಪಕ್ಕಪಕ್ಕ ಕೂತವು. ಅಷ್ಟರಲ್ಲಿ ತಲೆಯ ಮೇಲೆ ನೆರಳು ಬಿತ್ತು. ಮೇಲ್ವಿಚಾರಕರು ಕೈ ಚಾಚಿ, ಆ ಚೀಟಿ ಕೊಡಿ ಎಂದರು. ಮಡಿಸಿದ ಚೀಟಿಯೆಂದರೆ ನಕಲು ಚೀಟಿ ಎಂದೇ ಲೆಕ್ಕ. ಅವಳು ಕೊಟ್ಟಳು. ಅವರು ಬಿಡಿಸಿ ನೋಡಿದರು, ಮಗುಚಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಒಂದಕ್ಷರವೂ ಇರಲಿಲ್ಲ. ಇಂಗು ತಿಂದ ಮಂಗನ ಹಾಗೆ ಮುಖ ಮಾಡಿ ವಾಪಸು ಕೊಟ್ಟರು. ಅವರು ಬಿಡಿಸಿದ್ದೂ ಒಳ್ಳೆಯದೇ ಆಯಿತು. ಬಿಡಿಸಿದಾಗ ಉಳಿದ ಗೆರೆಗಳನ್ನು ನೋಡುತ್ತಲೇ ಅವಳಿಗೆ ಬುಡಕ್ಕೆ ಸಮಾಂತರವಾಗಿ ಎಳೆಯಬೇಕಾದ ಗೆರೆ ನೆನಪಾಯಿತು. ಬರೆದಳು.

ಆರು ವಾರದ ಮೇಲೆ ಫಲಿತಾಂಶ. ಮೂವತ್ತೈದು ಬಂದರೆ ಸಾಕಿತ್ತು; ಐವತ್ತೆಂಟು ಬಂದಿತ್ತು. ಅತ್ತೆ ಸುದ್ದಿ ಕೇಳಿ ಫೋನಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಬಂಧುಬಳಗದಲ್ಲಿ ಒಬ್ಬರನ್ನೂ ಬಿಡಲಿಲ್ಲ, ಮದುವೆಯಲ್ಲಿ ಮುನಿಸಿಕೊಂಡು ಮಾತು ಬಿಟ್ಟ ನಾದಿನಿಯನ್ನೂ ಬಿಡಲಿಲ್ಲ. ಎಲ್ಲರಿಗೂ ಒಂದೇ ಧಾಟಿಯಲ್ಲಿ, "ಒಂದು ಮುಖ್ಯ ಸುದ್ದಿ ಇದೆ, ಲೈನಲ್ಲಿ ಇರಿ" ಎನ್ನುತ್ತಿದ್ದರು. ಯಾಕಮ್ಮನಿಗೆ ಉಳಿದ ನಲವತ್ತೆರಡು ಎಲ್ಲಿ ಹೋಯಿತೆಂಬ ಚಿಂತೆ. ಅವಳೂ ಆ ವರ್ಷದ ತನ್ನ ಪರೀಕ್ಷೆ ಬರೆದು ಪಾಸಾಗಿದ್ದಳು, ಕಾಗುಣಿತದಲ್ಲಿ ಮಾತ್ರ ದೀರ್ಘಗಳನ್ನೆಲ್ಲ ಗಾಳಿಗೆ ತೂರಿದ್ದಳು.

ಅಧಿಕಾರಿಣಿ ಮತ್ತೆ ಮೆಟ್ಟಿಲು ಹತ್ತಿ ಬಂದರು, ಐದು ನಿಮಿಷ ಉಸಿರಾಡಿದರು, ಹಸಿರು ಫೈಲಿನಲ್ಲಿದ್ದ ಆ ಹಾಳೆಯನ್ನು ತೆಗೆದು ಅಜ್ಜಿಯ ಹೆಸರಿನ ಮೇಲೆ ಗೆರೆ ಎಳೆದು ತಾಯಿಯ ಹೆಸರು ಬರೆಸಿದರು. ಇನ್ನೆಷ್ಟು ವರ್ಷ ಮನೆಯಲ್ಲಿ ಕಲಿಸುತ್ತೀರಿ ಎಂದು ಕೇಳಿದರು. ಅವಳು ಸಾಕು ಎನ್ನುವವರೆಗೆ ಎಂದಳು ತಾಯಿ. ಸಾಕು ಎನ್ನುತ್ತೀಯಾ ಎಂದು ಮಗುವನ್ನು ಕೇಳಿದರೆ ಅವಳು ಸ್ವಲ್ಪ ಯೋಚಿಸಿ, ಗ್ರಂಥಾಲಯದ ಮಕ್ಕಳೆಲ್ಲ ಒಂದೇ ಶಾಲೆಯವರಂತೆ, ಅದು ಹೇಗಿದೆ ಎಂದು ಒಂದು ದಿನ ನೋಡಿಬರಬೇಕು ಎಂದಳು. ನೋಡಿಬರೋಣ ಎಂದಳು ತಾಯಿ.

ಇಷ್ಟೆಲ್ಲ ಆದ ಮೇಲೆ ಅವಳಿಗೆ ಸ್ವಲ್ಪ ಧೈರ್ಯ ಹೆಚ್ಚಾಯಿತು. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಗಿರಾಕಿಯ ಮನೆಗೆ ಹೋದಳು. ಕೈ ಚಾಚಲಿಲ್ಲ, ಕಣ್ಣು ಮುಚ್ಚಲಿಲ್ಲ. ಪಟ್ಟಿ ಹಿಡಿದು ಅಳೆದು, ಕೂಡಿ, ಕಳೆದು, ಬಟ್ಟೆ ಅಂಗಡಿಯಲ್ಲಿ ಮೊಟ್ಟಮೊದಲ ಬಾರಿಗೆ "ಎರಡೂ ಮುಕ್ಕಾಲು ಮೀಟರ್ ಹರೀರಿ" ಎಂದಳು. ಅಂಗಡಿಯವನು ತಿರುಗಿ ನೋಡಿದ. ಪರದೆ ಸಿದ್ಧವಾಗಿ ತೂಗುಹಾಕಿದರೆ ನೆಲದಿಂದ ಒಂದು ಗೇಣು ಮೇಲೆ ನಿಂತಿತು. ಕೂಡಬೇಕಾಗಿದ್ದ ಕೆಳಅಂಚಿನ ಮಡಿಕೆಯನ್ನು ಕಳೆದುಬಿಟ್ಟಿದ್ದಳು. ಗಿರಾಕಿಯ ಮುಂದೆಯೇ ಅವಳಿಗೆ ನಗು ಉಕ್ಕಿಬಂತು. ಹೊಸ ಬಟ್ಟೆ ತಾನೇ ತಂದು, ಈ ಸಲ ಮೊದಲು ಕಣ್ಣಳತೆ ನೋಡಿ, ಆಮೇಲೆ ಲೆಕ್ಕ ಹಾಕಿ, ಎರಡೂ ಒಪ್ಪಿದ ಮೇಲೆ ಕತ್ತರಿಸಿದಳು. ಇವತ್ತಿಗೂ ಹಾಗೇ ಮಾಡುತ್ತಾಳೆ.

ಗಿಡ್ಡ ಪರದೆ ಕೆಳಗಿನ ಬೀಗದ ಕೈ ಅಂಗಡಿಯ ಕಿಟಕಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಬೀಗದ ಕೈಯವನು ಎರಡು ವರ್ಷದಿಂದ ಅಲ್ಲಿ ರಟ್ಟು ಅಡ್ಡ ಇಟ್ಟುಕೊಂಡಿದ್ದ.